ನಾನು ಮಾಡದ ಐದು ವರ್ಷದ ನೌಕರಿ

ಅಧ್ಯಕ್ಷರೇ, ಸರಕಾರದ ಸಾಹೇಬರೇ, ಚೀಲದ ಕಾರ್ಖಾನೆಯ ಮಾಲೀಕರಾದ ದಾದಾಸಾಹೇಬರೇ, ಶಿರಗುಪ್ಪಿಯ ಸಭಿಕರೇ, ಹಿಂದೆ ನೆಲದ ಮೇಲೆ ಕುಳಿತಿರುವ ಅಕ್ಕತಂಗಿಯರೇ,

ನಾನು ನಾಲ್ಕನೆಯ ಇಯತ್ತೆ ಓದಿದವಳು. ಮೈಕಿನ ಮುಂದೆ ಇದೇ ಮೊದಲು. ಅದಕ್ಕೇ ಬರೆದುಕೊಂಡು ಬಂದಿದ್ದೇನೆ.

ಈಗಷ್ಟೇ ನನಗೆ ಶಾಲು ಹೊದಿಸಿದಿರಿ. ‘ಐದು ವರ್ಷದಲ್ಲಿ ಒಂದು ದಿನವೂ ತಪ್ಪಿಸದ ಲಗಮವ್ವ’ ಎಂದು ಹೊಗಳಿದಿರಿ. ಸಭಿಕರೇ, ನಾನು ಈ ಕಾರ್ಖಾನೆಗೆ ಎಷ್ಟು ದಿನ ಬಂದಿದ್ದೇನೆ ಗೊತ್ತೇ? ಐದು ದಿನ. ವರ್ಷಕ್ಕೊಂದು ದಿನ.

ಹಳ್ಳಿಯ ಅರವತ್ತು ಮಂದಿಗೆ ಕೆಲಸ ಕೊಟ್ಟರೆ ಐದು ವರ್ಷ ಮಾರಾಟ ತೆರಿಗೆ ಇಲ್ಲ ಎಂದು ೧೯೮೮ರಲ್ಲಿ ಸರಕಾರ ಹೇಳಿತು. ಒಳ್ಳೆಯ ಮಾತು. ಹಾಜರಿ ಪುಸ್ತಕದಲ್ಲಿ ಅರವತ್ತು ಹೆಸರು ಬಿದ್ದವು. ಹೊಲಿಯುವವರು ಹತ್ತೊಂಬತ್ತು ಮಂದಿ. ಉಳಿದವರು ನಾವು, ತಪಾಸಣೆಯ ದಿನದವರು. ಹಿಂದಿನ ದಿನ ಮುಕಾದಮ ಬಾಳಾಸಾಬರು ಮನೆಗೆ ಬರುತ್ತಿದ್ದರು.

“ಲಗಮವ್ವಾ, ನಾಳೆ ಸಾಹೇಬ್ರು ಬರಾವ್ರ ಅದಾರ. ಛಲೋ ಸೀರಿ ಉಟ್ಕೊಂಡ ಬಾ. ಮಷಿನ್ ಮುಂದ ಸುಮ್ನ ಕುಂದ್ರ, ಮುಟ್ಟಬ್ಯಾಡ ಮತ್ತ.”

ನೆರೆಮನೆಯ ಕೆಂಚವ್ವ ನಗುತ್ತಿದ್ದಳು. “ಗೌರೀನ ಕುಂದ್ರಸಿದಂಗ ಕುಂದ್ರಸ್ತಾರ, ಸಂಜಿಗೆ ಕಳಸೇ ಬಿಡ್ತಾರ. ಹೊಳ್ಯಾಗ ಮುಳಗಸಲಿಲ್ಲ, ಪುಣ್ಯಾ!”

ನಾನೂ ನಕ್ಕೆ. ಅರ್ಧ ದಿನದ ಕೂಲಿ ತೆಗೆದುಕೊಂಡೆ. ಆ ತಪ್ಪು ನನ್ನದು.

ಎರಡನೆಯ ವರ್ಷ ತಪಾಸಣೆಗೆ ಬಂದ ಸಾಹೇಬರು ನನ್ನ ಹತ್ತಿರವೇ ನಿಂತು, “ಒಂದು ಚೀಲ ಹೊಲಿಯಮ್ಮ” ಎಂದರು. ಪಕ್ಕದಲ್ಲಿದ್ದ ನಿಜವಾದ ಕೆಲಸಗಾರ್ತಿ ಕಾಶಿಬಾಯಿ ಪಿಸುಗುಟ್ಟಿದಳು: “ಅಂಜಬ್ಯಾಡ ಬೇ. ಬೆರಳ ಸೂಜಿಯಿಂದ ಹಿಂದ ಹಿಡಿ, ಕಾಲ ಹಗೂರ ಒತ್ತ.” ಹೊಲಿದೆ. ಹೊಲಿಗೆ ನೆಟ್ಟಗೆ ಬಂತು. ಆ ಚೀಲ ಯಾವ ಊರಿಗೆ ಹೋಯಿತೋ, ಯಾರ ಸಕ್ಕರೆ ತುಂಬಿಕೊಂಡಿತೋ ಎಂದು ಬಹಳ ದಿನ ಯೋಚಿಸಿದೆ. ಇದನ್ನು ಬರೆದುಕೊಂಡಿರಲಿಲ್ಲ. ಇರಲಿ.

ಈ ಶಾಲು ಆ ಕಾಶಿಬಾಯಿಗೆ ಸಲ್ಲಬೇಕಿತ್ತು. ಆದರೆ ಪುಸ್ತಕದಲ್ಲಿ ಅವಳಿಗೆ ಬಾಣಂತನದ ರಜೆ ಬಿದ್ದಿದೆ, ಜ್ವರದ ರಜೆ ಬಿದ್ದಿದೆ. ಕೆಲಸಕ್ಕೇ ಬಾರದ ನನಗೆ ಜ್ವರ ಎಲ್ಲಿಂದ ಬರಬೇಕು?

ಕಳೆದ ತಿಂಗಳು ನಮ್ಮ ಓಣಿಯ ಅಂಗನವಾಡಿಗೆ ಸಹಾಯಕಿ ಬೇಕಾಗಿತ್ತು. ಪಟ್ಟಿಯಲ್ಲಿ ನನ್ನ ಹೆಸರೇ ಮೊದಲಿತ್ತು. ಹೋದರೆ ಏನೆಂದರು? “ನಿನಗ ಕಾರ್ಖಾನ್ಯಾಗ ನೌಕರಿ ಐತೆಲ್ಲವಾ. ಇಲ್ಲದವರಿಗೆ ಬಿಡ.” ಸಭಿಕರೇ, ಪುಸ್ತಕದ ನೌಕರಿ ನನ್ನ ಬಾಯಿಯ ತುತ್ತನ್ನು ಕಸಿಯಿತು. ತೆರಿಗೆ ಬಿಟ್ಟದ್ದು ಯಾರ ಸಲುವಾಗಿ? ಉಳಿದದ್ದು ಯಾರಿಗೆ? ಇನ್ನೂ ಐದು ವರ್ಷ ವಿನಾಯಿತಿ ಬೇಕೆಂದು ಅರ್ಜಿ ಹೋಗಿದೆಯಂತೆ. ಈ ಹಾರ, ಈ ಪೆಂಡಾಲು ಅದಕ್ಕಾಗಿಯೇ ಅಲ್ಲವೇ?

ದಾದಾಸಾಹೇಬರೇ, ನಮ್ಮ ಹೆಸರು ಹೊಡೆದುಹಾಕಿ ಎಂದು ನಾನು ಕೇಳುವುದಿಲ್ಲ. ಹೆಸರಿಗೆ ತಕ್ಕ ಕೆಲಸ ಕೊಡಿ. ನಾಳೆ ಎಂಟು ಗಂಟೆಗೆ ನಾವು ನಲವತ್ತೊಂದು ಮಂದಿ ಗೇಟಿಗೆ ಬರುತ್ತೇವೆ. ಯಂತ್ರ ಸಾಲದಿದ್ದರೆ ದಬ್ಬಣ ತರುತ್ತೇವೆ. ಸರಕಾರದ ಸಾಹೇಬರೇ, ನೀವೂ ನಾಳೆ ಬಂದು ಎಣಿಸಿ. ನಾಡಿದ್ದು ಹೇಳದೇ ಬನ್ನಿ.

ಕೇಳಿದ್ದಕ್ಕೆ ಉಪಕಾರ. ಮೈಕು ಬಂದ್ ಮಾಡದೆ ಬಿಟ್ಟಿದ್ದಕ್ಕೆ ಇನ್ನೂ ದೊಡ್ಡ ಉಪಕಾರ. ಎಲ್ಲರಿಗೂ ನಮಸ್ಕಾರ.