ಅಳತೆ ಕೋಲು ಹಿಡಿದವನು

...ಇದು ನೂರಾ ಹನ್ನೊಂದು. ಗುಮ್ಮಟದ ಒಳಮೈ. ದಿಂಬು ಸರಿ ಇದೆಯಾ, ಅಣ್ಣ? ಮಾತಾಡಬೇಡ, ತಲೆ ಆಡಿಸಿದರೆ ಸಾಕು. ಒಂದೊಂದೇ ಫೋಟೋ ತೋರಿಸು, ಬಿದ್ದ ದಿನ ನೆನಪಾದರೂ ಆಗಬಹುದು ಅಂದಿದ್ದಾರೆ ಡಾಕ್ಟರು. ಮೂರು ವಾರ ಆಯ್ತಲ್ಲ.

ನೂರಾ ಹನ್ನೆರಡು. ಲೈಬ್ರರಿ ಚಾವಣಿ. ನೀಲಿ ಬಣ್ಣ ಉದುರ್ತಾ ಇದೆ, ನೋಡು. ರಿಪೇರಿ ಶುರುವಾಗೋ ಮುಂಚೆ ಎಲ್ಲ ಫೋಟೋದಲ್ಲಿ ದಾಖಲಾಗಬೇಕು ಅಂತ ನಮ್ಮನ್ನ ಕರೆಸಿದ್ದರು.

ಇದು ಕಂಬದ ಮೇಲಿನ ಕಲ್ಲಿನ ಹಕ್ಕಿ. ಎಂಟು ಕಂಬಕ್ಕೆ ಎಂಟು ಹಕ್ಕಿ, ಇದಕ್ಕೆ ಮಾತ್ರ ಕೊಕ್ಕಿಲ್ಲ. ಶಿಲ್ಪಿಗೆ ಊಟದ ಹೊತ್ತಾಗಿತ್ತೇನೋ ಅಂದೆ ನೀನು.

ಯಾಕೆ ನಗ್ತೀಯಾ? ಅದು ನೆನಪಿದೆಯಾ?... ಇಲ್ಲ. ಸರಿ.

ಕೆಳಗೆ ಜನ ಓದ್ತಾ ಇದ್ದರು. ಮೇಲೆ ನಾವು ಉಸಿರೆತ್ತೋ ಹಾಗಿರಲಿಲ್ಲ. ಅದಕ್ಕೇ ಕೈಸನ್ನೆ ಮಾಡಿಕೊಂಡಿದ್ದು. ನಾನು ಅಂಗೈ ತೋರಿಸಿದರೆ ನೀನು ನಿಲ್ಲು. ಎರಡು ಬೆರಳು ಆಡಿಸಿದರೆ ಒಂದು ಹೆಜ್ಜೆ ಹಿಂದಕ್ಕೆ. ನನ್ನನ್ನ ಟ್ರಾಫಿಕ್ ಪೊಲೀಸು ಅಂತ ಅತ್ತಿಗೆ ಹತ್ತಿರ ಆಡಿಕೊಂಡೆಯಂತೆ.

ನೂರಾ ಹದಿನೆಂಟು. ಮೇಲಿನ ಮೊಗಸಾಲೆ. ಈ ಮೂಲೆಯಲ್ಲಿ ಕಾಣೋದು ನಿನ್ನ ಮೊಣಕೈ. ಗಾತ್ರ ತಿಳಿಯೋಕೆ ಫೋಟೋದಲ್ಲಿ ಅಳತೆ ಕೋಲು ಇರಬೇಕು, ಹಿಡಿದವರು ಇರಬಾರದು. ನಿಯಮ ಅದು. ಹಾಗಾಗಿ ಇದು ಕೆಲಸಕ್ಕೆ ಬರಲಿಲ್ಲ.

ಪಕ್ಕದ ಅಂಚಿಗೆ ತಡೆಯೋ ಕಟಕಟೆ ಇಲ್ಲ, ಬರೀ ಹಗ್ಗ. ಬೆಳಿಗ್ಗೆ ಹೋದ ತಕ್ಷಣ ನೋಟ್‌ಬುಕ್ಕಲ್ಲಿ ಬರೆದುಕೊಂಡಿದ್ದೆ, ‘ಪೂರ್ವದ ಬದಿ, ಎರಡೂವರೆ ಅಡಿ ಅಗಲಕ್ಕೆ ಕಟಕಟೆ ಬಿಚ್ಚಿದೆ’ ಅಂತ. ನಿನಗೂ ಹೇಳಿದ್ದೆ. ...ಹೇಳಿದ್ದೆ ಅನ್ಸುತ್ತೆ.

ಈ ಫೋಟೋ ತೆಗೆದ ಮೇಲೆ ನಾನು ಲೆನ್ಸ್ ಬದಲಾಯಿಸೋಕೆ ಚೀಲದ ಕಡೆ ತಿರುಗಿದೆ. ನೋಡಲಿಲ್ಲ. ಸದ್ದು ಕೇಳಿಸಿತು, ಅಷ್ಟೇ. ಎಲ್ಲರಿಗೂ ಇದನ್ನೇ ಹೇಳಿದ್ದೀನಿ. ಪುಣ್ಯಕ್ಕೆ ಕೆಳಗೆ ಆ ಜಾಗದಲ್ಲಿ ಯಾರೂ ಇರಲಿಲ್ಲ. ಕೋಲು ಮಾತ್ರ ನಿನ್ನ ಕೈಯಲ್ಲೇ ಇತ್ತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂದರು ಲೈಬ್ರರಿಯವರು. ಯಾರೂ ನಗಲಿಲ್ಲ.

ಇದು ಅವರು ಕಳಿಸಿದ ಕಾಗದ. ‘ಸ್ವಂತ ಅಜಾಗರೂಕತೆಯಿಂದ ಬಿದ್ದರು.’ ಸಾಕ್ಷಿ ಅಂತ ನಾನು ಸಹಿ ಹಾಕಿದ್ದೀನಿ. ಇಲ್ಲಿ ನಿನ್ನದು ಬೇಕು. ಅತ್ತಿಗೆಗೂ ಹೇಳಿದೆ, ಅಣ್ಣನದೇ ತಪ್ಪು ಅಂತ. ಅವರು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಪೆನ್ನು ಯಾಕೆ ಕೆಳಗಿಟ್ಟೆ?

ಯಾವುದು ಬೇಕು? ಇದಾ? ನೂರಾ ಹತ್ತೊಂಬತ್ತು. ಅದೇ ಮೊಗಸಾಲೆಯ ಗೋಡೆ. ಅಂಚಿನಲ್ಲಿ ಕೋಲು ಮಾತ್ರ ಇದೆ, ನೀನಿಲ್ಲ. ಹೂವಿನ ಬಳ್ಳಿ ಪೂರ್ತಿ ಬಂದಿದೆ, ಗೆರೆ ಗೆರೆ ಕಾಣುತ್ತೆ. ಇಡೀ ಕೆಲಸದಲ್ಲಿ ಚೆನ್ನಾಗಿ ಬಂದಿದ್ದು ಇದೇ.

ಹೌದು, ಫೋಟೋ ಕೆಳಗೆ ವಿವರ ಇದೆ. ಎಲ್ಲದಕ್ಕೂ ಬರೀತೀನಲ್ಲ... ಲೆನ್ಸಾ? ಅದೇ ಲೆನ್ಸು. ನೂರಾ ಹದಿನೆಂಟಕ್ಕೆ ಹಾಕಿದ್ದೇ. ಹೊತ್ತು ಹನ್ನೊಂದು ಇಪ್ಪತ್ತು. ನೀನು ಬಿದ್ದಿದ್ದೂ...

ಬೆಳಕು ಕಣ್ಣಿಗೆ ಹೊಡೀತಾ ಇದೆಯಾ? ಪರದೆ ಎಳೀಲಾ?

ಹಾಗೆ ನೋಡಬೇಡ, ಅಣ್ಣ. ಏನಾದರೂ ಅನ್ನು. ಬೈಯಿ. ಕೈ ಯಾಕೆ ಎತ್ತಿದೆ? ನೀರು ಬೇಕಾ? ಅತ್ತಿಗೇನ ಕರೀಲಾ?

ಎರಡು ಬೆರಳು. ಅವತ್ತು ನಾನು ಆಡಿಸಿದ ಹಾಗೇ.

...ಯಾವಾಗ ನೆನಪಾಯ್ತು? ಮೊದಲಿಂದಲೂ ಗೊತ್ತಿತ್ತಾ?

ಗೊತ್ತಾಯ್ತು. ಸಾಕು, ಆಡಿಸಬೇಡ. ಕೈ ಕೆಳಗಿಳಿಸು, ಅಣ್ಣ.