ಹೇಗೂ ಮುಚ್ಚಳ ತೆಗೆದಿದೆ

ಒಬ್ಬ ಶ್ರೀಮಂತ. ಯಾವ ಊರಿನವನು ಅಂತ ಕೇಳಬೇಡಿ. ಹೇಳಿದರೆ ನೀವೆಲ್ಲ ಗುರುತು ಹಿಡಿದುಬಿಡ್ತೀರಿ. ಅವನ ಹತ್ತಿರ ನಲವತ್ತು ವರ್ಷದ ಹಳೇ ಕಾರು. ದಿನಾ ಬೆಳಿಗ್ಗೆ ಬನಿಯನ್ ಹಾಕ್ಕೊಂಡು ತಾನೇ ಒರೆಸೋನು. ಹೆಂಡತಿ ಕಾಫಿ ತಂದು ಬಾನೆಟ್ ಮೇಲಿಟ್ಟರೆ, "ಗೀರು ಬೀಳುತ್ತೆ, ತೆಗಿ ಅದನ್ನ!" ಅನ್ನೋನು. ನಗ್ತೀರಿ. ನಗಿ, ನಗಿ. ನಿಮ್ಮ ಸರದಿ ಬರುತ್ತೆ.

ಆ ಕಾರು ಟಕಟಕ ಅಂದರೆ ಸಾಕು, ಅವನಿಗೆ ಊಟ ಸೇರ್ತಿರಲಿಲ್ಲ. ಒಂದು ದಿನ ಸಂತೆಯಿಂದ ಬರ್ತಾ ಟಕಟಕ ಕೇಳಿಸ್ತು. ನೇರ ಗ್ಯಾರೇಜಿಗೆ ಬಿಟ್ಟ. ಮೇಸ್ತ್ರಿ ಎಂಜಿನ್ನಿನ ಮೇಲಿನ ಮುಚ್ಚಳ ತೆಗೆದು ವಾಲ್ವುಗಳನ್ನ ಸರಿಮಾಡಿದ. ಆಮೇಲೆ ಅಂದ, "ಯಜಮಾನ್ರೇ, ಹೇಗೂ ಮುಚ್ಚಳ ತೆಗೆದಿದೆ. ಎಂಜಿನ್ ತಲೆಯನ್ನ ಅದುಮಿ ಹಿಡ್ಕೊಂಡಿರೋ ಸ್ಟಡ್ಡುಗಳಿವೆಯಲ್ಲ, ಅವನ್ನೂ ನೋಡಿಬಿಡ್ತೀನಿ. ಹಳೇ ಗಾಡಿ. ಒಂದು ಸ್ಟಡ್ಡು ಬಿರುಕು ಬಿಟ್ಟರೂ ಪಕ್ಕದವು ಭಾರ ಹೊತ್ಕೊಂಡು ಸುಮ್ಮನಿರ್ತವೆ. ಗೊತ್ತೇ ಆಗಲ್ಲ."

"ಅವು ಶಬ್ದ ಮಾಡ್ತಿವೆಯಾ?"

"ಇಲ್ಲ."

"ಮತ್ತೇನಯ್ಯಾ? ಮುಚ್ಚು, ಮುಚ್ಚು."

ಹತ್ತು ನಿಮಿಷದ ಕೆಲಸ. ನೋಡಿ, ಬರೀ ಹತ್ತು ನಿಮಿಷ! ಪಕ್ಕದಲ್ಲೇ ಹೆಂಡತಿ ಸಂತೆ ಚೀಲ ಹಿಡ್ಕೊಂಡು ನಿಂತಿದ್ದಳು. ಎಲ್ಲಾ ಕೇಳಿಸ್ಕೊಂಡಳು.

ಮುಂದಿನ ಸೋಮವಾರ ಅವಳ ತಮ್ಮನ ಮನೆ ಗೃಹಪ್ರವೇಶ. ಅಕ್ಕನೇ ಬಂದು ಹಾಲುಕ್ಕಿಸಬೇಕು ಅಂತ ತಮ್ಮನ ಹಟ. ಇವಳು ವಾರದಿಂದ ಸೀರೆ ತೆಗೆದಿಟ್ಟಿದ್ದಳು. ದಾರಿಯಲ್ಲಿ ದಿಣ್ಣೆ ಹತ್ತುವಾಗ ಕಾರು ಢಬ್ ಅಂತು. ಮೇಸ್ತ್ರಿ ಹೇಳಿದ್ದ ಸ್ಟಡ್ಡುಗಳಲ್ಲೇ ಒಂದು ಮುರಿದಿತ್ತು. ಬಾನೆಟ್ ಅಡಿಯಿಂದ ಬುಸುಬುಸು ಹಬೆ.

ತಮ್ಮನ ಊರು ಎದುರಿಗೇ ಕಾಣ್ತಿದೆ. "ನಡಿ, ನಡ್ಕೊಂಡೇ ಹೋಗೋಣ. ಮುಹೂರ್ತಕ್ಕೆ ಇನ್ನೂ ಅರ್ಧ ಗಂಟೆ ಇದೆ," ಅಂದ. ಅವಳು ಇಳಿದಳು. ನಾಲ್ಕು ಹೆಜ್ಜೆ ಇಟ್ಟು ಮೈಲಿಗಲ್ಲಿನ ಮೇಲೆ ಕೂತುಬಿಟ್ಟಳು.

"ಮಂಡಿ ನೋವು, ನಡೆಯೋಕಾಗಲ್ಲ ಕಣ್ರೀ. ಎರಡು ವರ್ಷ ಆಯ್ತು."

"ಎರಡು ವರ್ಷ! ಒಂದು ಮಾತು ಹೇಳಬಾರದಿತ್ತಾ?"

ಅವಳು ನಕ್ಕಳು. "ನನ್ನ ಮಂಡಿ ಶಬ್ದ ಮಾಡಲ್ಲವಲ್ಲ."

ಅಲ್ಲಿ ಹಾಲು ಉಕ್ಕಿತು. ಉಕ್ಕಿಸಿದ್ದು ಬೇರೆ ಯಾರೋ.

ಈಗ ನಿಮ್ಮ ಸರದಿ. ಕಂಬದ ಮರೆಯಲ್ಲಿ ಕೂತ ಗಂಡಸರೇ, ನಿಮಗೇ ಹೇಳ್ತಿರೋದು. ಫ್ಯಾನ್ ಕಿರ್ ಅಂದರೆ ಎಣ್ಣೆ ಬಿಡ್ತೀರಿ. ಕೂಗಾಡೋ ಮಗನ ಮಾತು ಮೊದಲು ಕೇಳ್ತೀರಿ. ಸುಮ್ಮನೆ ಭಾರ ಹೊತ್ತವರು ಚೆನ್ನಾಗಿದಾರೆ ಅಂದ್ಕೋತೀರಿ. ಯಾರು ಹೇಳಿದರು ನಿಮಗೆ? ಯಾರು ಹೇಳಿದರು?

ದೊಡ್ಡ ವ್ರತ ಮಾಡಿ ಅಂತ ನಾನು ಹೇಳಲ್ಲ. ಇವತ್ತು ಊಟಕ್ಕೆ ಕೂತಾಗ ಅನ್ನದ ಪಾತ್ರೆ ತರ್ತಾರೆ, ಮುಚ್ಚಳ ತೆಗೀತಾರೆ. ಹೇಗೂ ಮುಚ್ಚಳ ತೆಗೆದಿದೆ! ಬಡಿಸೋ ಕೈ ಹಿಡಿದು, "ಎಲ್ಲಾದರೂ ನೋಯ್ತಿದೆಯಾ?" ಅಂತ ಕೇಳಿ. "ಏನಿಲ್ಲ" ಅಂತಾರೆ. ಎರಡನೇ ಸಲ ಕೇಳಿ. ನಿಜವಾದ ಉತ್ತರ ಬರೋವರೆಗೂ ತಟ್ಟೆಗೆ ಕೈ ಹಾಕಬೇಡಿ. ಅನ್ನ ಆರಿದರೆ ಆರಲಿ.