ಮೂರನೆಯ ಸಾಲು

ಹಳೆಯ ಕಟ್ಟುಪಾಡು ಬಿಡದ ಕ್ರೈಸ್ತ ಪಂಗಡ ಆಮಿಶರ ಊರಿನ ಮೂಳೆ ವೈದ್ಯರ ಜಗಲಿಯಲ್ಲಿ ಸರದಿಗೆ ಕಾಯುತ್ತಿದ್ದ ಸಲೋಮಾಳ ಕಣ್ಣು ಹೆಣಿಗೆಯ ಮೇಲಿತ್ತು. ಕಿವಿ ಮಾತ್ರ ಪಕ್ಕದ ಬೆಂಚಿನಲ್ಲಿತ್ತು. ಅಲ್ಲಿ ಮುದುಕಿ ವೆರ್ನಾ, ಅವಳ ತಂಗಿ ಡೀನಾ, ಮತ್ತು ಹೋದ ಚಳಿಗಾಲ ಲಕ್ವ ಹೊಡೆದು ಮಾತು ನಿಂತುಹೋದ ವೆರ್ನಾಳ ಗಂಡ ನೋವಾ ಕುಳಿತಿದ್ದರು.

“ಭಾನುವಾರ ಪ್ರಾರ್ಥನೇಲಿ ಏನೋ ಆಯ್ತಂತಲ್ಲಕ್ಕ?” ಎಂದಳು ಡೀನಾ.

“ಏನಿಲ್ಲ ಕಣೇ. ಹಾಡು ಎತ್ತಿಕೊಟ್ಟವನು ಹೊಸಬ. ಮೂರನೇ ಸಾಲಿಗೆ ರಾಗ ಮರೆತುಬಿಟ್ಟ.”

“ಪುಸ್ತಕ ನೋಡೋಣ ಅಂದ್ರೆ ಅದರಲ್ಲಿ ಬರೀ ಪದ, ರಾಗ ಇಲ್ಲ. ನಮ್ಮ ಹಿರಿಯರು ನಂಬಿಕೆಗಾಗಿ ಸೆರೆ ಸೇರಿದಾಗ ಅಲ್ಲಿ ಹಾಡಿದ್ದು, ಬಾಯಿಂದ ಬಾಯಿಗೇ ಬರಬೇಕು. ಆಮೇಲೆ?”

“ಪ್ರಾರ್ಥನೆಗೆ ಅಂತ ಕೊಟ್ಟಿಗೇಲಿ ಕೂತಿದ್ದ ಜನ ಎಲ್ಲ ಸುಮ್ಮನಾದ್ರು. ಆಗ ಇವರು ಹಾಡಿದ್ರು.”

“ಯಾರು, ನಮ್ಮ ಭಾವನೇ? ನೀರು ಬೇಕು ಅನ್ನೋಕೂ ಬಾಯಿ ಬರಲ್ವಲ್ಲ.”

“ಅದು ಇವತ್ತಿಗೂ ಬರಲ್ಲ. ಆ ಸಾಲು ಮಾತ್ರ ಪೂರ್ತಿ ಹಾಡಿದ್ರು, ಒಂದೆಳೆ ಬಿಡದೆ.”

“ಜನ ಏನಂದ್ರು?”

“ಅನ್ನೋದೇನು, ನಾಲ್ಕನೇ ಸಾಲು ಹಿಡಿದ್ರು.”

“ನಿಂಗೆ ಹೆಮ್ಮೆ ಆಗ್ಲಿಲ್ವಾ?”

“ಹೆಮ್ಮೆ ಪಡೋದು ಪಾಪ. ಬಾಯಿ ಮುಚ್ಚು.”

“ಮುಖ ನೋಡ್ಕೋ, ಬೆಣ್ಣೆ ತಿಂದ ಬೆಕ್ಕಿನ ಹಾಗಿದೆ.”

“ನಮ್ಮನೆ ಕನ್ನಡಿ ಚಿಕ್ಕದು ಕಣೇ, ಅಷ್ಟೆಲ್ಲ ಕಾಣಲ್ಲ.”

ಒಳಗಿನಿಂದ ಕರೆ ಬಂತು. ವೆರ್ನಾ ಗಂಡನನ್ನು ಎಬ್ಬಿಸಿ, ಅವನ ತಲೆಯ ಹುಲ್ಲಿನ ಟೋಪಿಯನ್ನು ನೆಟ್ಟಗೆ ಮಾಡಿದಳು. ಒಳಗೆ ಹೋದೊಡನೆ ತೆಗೆಯಬೇಕಾದ ಟೋಪಿ ಅದು. ಆದರೂ ಹೊಸ್ತಿಲ ಬಳಿ ನಿಂತು, ಎಲ್ಲರೂ ನೋಡುತ್ತಿದ್ದಂತೆಯೇ, ಅದನ್ನು ಇನ್ನೊಮ್ಮೆ ನೆಟ್ಟಗೆ ಮಾಡಿದಳು.